ಮೊಳಕೆಕಾಳು ಮತ್ತು ಪ್ರಮಾದ

ಹಿಂಸೆಯ ವಿಚಾರವನ್ನು ಎತ್ತಿದೊಡನೆ ಮನಸ್ಸಿನ ಮುಂದೆ ಬಂದು ನಿಲ್ಲುವುದು ಕತ್ತಿ, ಬಲೆ, ಕಸಾಯಿಖಾನೆ. ಒಂದು ಹಿಡಿ ಮೊಳಕೆಕಾಳು ಆ ಸಾಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ತೆಳುಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟರೆ ಮರುದಿನ ಬಿಳಿಯ ಮೊಳಕೆ ಇಣುಕುತ್ತದೆ. ಅದಕ್ಕೆ ಒಲೆ ಬೇಡ, ಎಣ್ಣೆ ಬೇಡ. ಯಾವ ಪ್ರಾಣಿಗೂ ನೋವು ಮಾಡಿದಂತೆ ಕಾಣುವುದಿಲ್ಲ. ಅದನ್ನು ಹಸಿಯಾಗಿಯೇ ತಿನ್ನಬೇಕೆಂದು ಆರೋಗ್ಯದ ಹೆಸರಿನಲ್ಲಿ ಹೊಗಳುವವರು ಉಂಟು. ಪಟ್ಟಣಗಳ ಅಂಗಡಿಗಳಲ್ಲಿ ಅದು ಪೊಟ್ಟಣಗಳಲ್ಲಿಯೂ ದೊರೆಯುತ್ತದೆ. ಇಂತಹ ಸಾಧು ಆಹಾರವನ್ನು ತಿಂದು ಮನುಷ್ಯರು ಸತ್ತರೆ ಆ ಸಾವಿನ ಹೊಣೆ ಯಾರದು? ಕೊಲ್ಲಬೇಕೆಂದು ಯಾರೂ ಬಯಸಲಿಲ್ಲ; ಕೊಲ್ಲುವ ವಸ್ತುವನ್ನು ಯಾರೂ ಕಣ್ಣಿನಿಂದ ಕಾಣಲಿಲ್ಲ. ಅಲ್ಲಿ ಹಿಂಸೆ ನಡೆಯಿತೆಂದು ಹೇಳಬೇಕೆ, ಕೇವಲ ದುರದೈವವೆಂದು ಸುಮ್ಮನಾಗಬೇಕೆ?

ಈ ಪ್ರಶ್ನೆ ಕಲ್ಪಿತವಾದುದಲ್ಲ. 1996ರ ಜುಲೈ ತಿಂಗಳಲ್ಲಿ ಜಪಾನಿನ ಒಸಾಕಾ ಪ್ರಾಂತದ ಸಕಾಯ್ ನಗರದಲ್ಲಿ, ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಿಗೆ ರಕ್ತಭೇದಿ ಕಾಣಿಸಿಕೊಂಡಿತು. ರೋಗಿಗಳ ಸಂಖ್ಯೆ 9,000ವನ್ನು ಮೀರಿತು. ಕಾರಣವಾದುದು ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ. ದನಗಳ ಕರುಳಿನಲ್ಲಿ ಅವುಗಳಿಗೆ ಉಪದ್ರವ ಕೊಡದೆ ವಾಸಿಸುವ ಈ ಸೂಕ್ಷ್ಮಜೀವಿ ಮನುಷ್ಯನ ಕರುಳನ್ನು ಹೊಕ್ಕಾಗ ಒಂದು ಬಗೆಯ ವಿಷವನ್ನು ಸ್ರವಿಸುತ್ತದೆ. ಆ ವಿಷ ಕೆಲವರಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಎಳೆಯ ಮಕ್ಕಳು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ಸಕಾಯ್‌ನಲ್ಲಿ ಮೂವರು ಬಾಲಕಿಯರು ತೀರಿಕೊಂಡರು. ಸರಕಾರದ ತನಿಖೆ ಊಟದಲ್ಲಿ ಬಡಿಸಲಾದ ಮೂಲಂಗಿಯ ಹಸಿ ಮೊಳಕೆಯತ್ತ ಬೊಟ್ಟುಮಾಡಿತು.

ಮೊಳಕೆಗೂ ಈ ರೋಗಕ್ಕೂ ನಂಟು ಹೇಗೆ ಬೆಳೆಯಿತೆಂಬುದನ್ನು ಬಿಡಿಸಿ ನೋಡದೆ ಹೊಣೆಯ ಮಾತನ್ನು ಆಡುವುದು ಸರಿಯಲ್ಲ. ಬೀಜವು ಹೊಲದಲ್ಲಿರುವಾಗಲೇ ಹಸಿಗೊಬ್ಬರ, ಕೊಳೆನೀರು, ಮೇಯುವ ದನ, ಹಕ್ಕಿಯ ಹಿಕ್ಕೆ ಇವುಗಳಲ್ಲಿ ಯಾವುದರಿಂದಲಾದರೂ ಮಲಿನವಾಗಬಹುದು. ಒಣ ಬೀಜದ ಮೇಲೆ ಅಣುಜೀವಿಗಳು ಬೆಳೆಯಲಾರವು. ಆದರೆ ತಿಂಗಳುಗಟ್ಟಲೆ ಸಾಯದೆ ಇರಬಲ್ಲವು. ಸಿಪ್ಪೆಯ ಸೀಳುಗಳಲ್ಲಿ, ಗೀರುಗಳಲ್ಲಿ ಅವು ಅಡಗಿ ಕುಳಿತಿರುತ್ತವೆ. ಅನಂತರ ಅದೇ ಬೀಜವನ್ನು ಮೊಳಕೆಗೆ ಹಾಕುತ್ತಾರೆ. ಬೆಚ್ಚನೆಯ ಗಾಳಿ, ಸದಾ ತೇವ, ಬೀಜದಿಂದ ಒಸರುವ ಪೋಷಕರಸ: ಮೊಳಕೆಗೆ ಬೇಕಾದುದೇ ಬ್ಯಾಕ್ಟೀರಿಯಾಕ್ಕೂ ಬೇಕಾದುದು. ಒಂದನ್ನು ಬೆಳೆಸಿ ಇನ್ನೊಂದನ್ನು ತಡೆಯುವ ತೇವವಾಗಲಿ ಬೆಚ್ಚಗಾಗಲಿ ಇಲ್ಲ. ಅನುಕೂಲವಾದ ಸ್ಥಿತಿಯಲ್ಲಿ ಇಂತಹ ಜೀವಿ ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಮೊಳಕೆ ಬೆಳೆಯುವ ಕೆಲವು ದಿನಗಳಲ್ಲಿ ಒಂದು ಗ್ರಾಂ ತೂಕದಲ್ಲಿ ಅವುಗಳ ಸಂಖ್ಯೆ ಲಕ್ಷಗಳನ್ನು, ಕೋಟಿಯನ್ನು ಮುಟ್ಟಬಹುದು. ಓ157ರಿಂದ ರೋಗ ತಗಲುವುದಕ್ಕೆ ನೂರಕ್ಕಿಂತ ಕಡಮೆ ಜೀವಿಗಳೂ ಸಾಕು. ಬೆಳೆದುನಿಂತ ಮೊಳಕೆಯನ್ನು ನಲ್ಲಿಯ ಕೆಳಗೆ ಹಿಡಿದು ಎಷ್ಟು ತೊಳೆದರೂ ಪ್ರಯೋಜನ ಕಡಮೆ. ಅವು ಎಳೆಯ ಬೇರಿಗೂ ಕಾಂಡಕ್ಕೂ ಅಂಟಿ, ಕೆಲವು ಒಳಕ್ಕೂ ಇಳಿದಿರುತ್ತವೆ. ಉಳಿದ ತರಕಾರಿಗಳಲ್ಲಿ ಕೊಳೆ ಹೊರಗಿನಿಂದ ಬಂದು ಕೂತದ್ದು. ಮೊಳಕೆಯಲ್ಲಿ ಅದು ಮೊಳಕೆಯ ಜೊತೆಯಲ್ಲಿಯೇ ಹುಟ್ಟಿ ಬೆಳೆದ ಒಡನಾಡಿ.

ಆದುದರಿಂದ ಶುದ್ಧಿಯ ಪ್ರಯತ್ನವೆಲ್ಲ ಬೀಜದಲ್ಲಿಯೇ ಪ್ರಾರಂಭವಾಗಬೇಕಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿ ಮೊಳಕೆ ಬೆಳೆಗಾರರಿಗೆ ನೀಡಿದ ಮಾರ್ಗದರ್ಶನದಲ್ಲಿ, ಬೀಜವನ್ನು ಮೊದಲು ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ದ್ರಾವಣದಲ್ಲಿ ಅದ್ದುವ ಕ್ರಮವನ್ನು ಸೂಚಿಸಿತು. ಅದರ ಪ್ರಮಾಣ ಹತ್ತು ಲಕ್ಷಕ್ಕೆ 20,000 ಭಾಗ. ಎಂದರೆ ಲೀಟರಿಗೆ 20 ಗ್ರಾಂ ಕ್ಲೋರಿನ್. ಕುಡಿಯುವ ನೀರಿನಲ್ಲಿ ಸಾಮಾನ್ಯವಾಗಿ ಉಳಿಸುವ ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನೆದರೆ ಈ ದ್ರಾವಣದ ಉಗ್ರತೆ ಅರಿವಾದೀತು. ಇಷ್ಟಾದರೂ ಅದು ಎಲ್ಲವನ್ನೂ ಕೊಲ್ಲುವುದಿಲ್ಲ. ನೂರರಲ್ಲಿ ಒಂದಕ್ಕೆ, ಹೆಚ್ಚೆಂದರೆ ಸಾವಿರದಲ್ಲಿ ಕೆಲವಕ್ಕೆ ಇಳಿಸುತ್ತದೆ; ಸೀಳಿನ ಆಳದಲ್ಲಿರುವವು ಉಳಿದುಕೊಳ್ಳುತ್ತವೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬಹುದು. ಸಾವಿರ ಜೀವಿಗಳಲ್ಲಿ ಒಂದು ಮಾತ್ರ ಉಳಿಯಿತೆಂದು ಇಟ್ಟುಕೊಂಡರೂ, ಅದು ಹತ್ತು ಬಾರಿ ಇಮ್ಮಡಿಯಾದರೆ ಮತ್ತೆ ಸಾವಿರ. ಅರ್ಧ ಗಂಟೆಗೊಮ್ಮೆ ಇಮ್ಮಡಿಯೆಂದರೆ ಕೇವಲ ಐದು ಗಂಟೆ. ಮೊಳಕೆಯೋ ಮೂರು ನಾಲ್ಕು ದಿನ ತೇವದಲ್ಲಿ ಬೆಳೆಯುವ ವಸ್ತು.

ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆಯುವುದು ಇನ್ನೊಂದು ಉಪಾಯ; ಶಾಖ ಹೆಚ್ಚಾದರೆ ಬೀಜ ಮೊಳೆಯದು, ಕಡಮೆಯಾದರೆ ಬ್ಯಾಕ್ಟೀರಿಯಾ ಸಾಯದು. ವಿಕಿರಣಕ್ಕೆ ಅಮೆರಿಕವು 2000ದಲ್ಲಿ ಅನುಮತಿ ಕೊಟ್ಟಿತು. ಅದಕ್ಕೂ ಇದೇ ಬಗೆಯ ಮಿತಿಯಿದೆ. ಇವೆಲ್ಲಕ್ಕಿಂತ ವಿವೇಕದಿಂದ ಕೂಡಿದುದು ನೀರಿನ ಪರೀಕ್ಷೆ. ಬೀಜವನ್ನು ಮೊಳಕೆಗೆ ಹಾಕಿ ಸುಮಾರು 48 ಗಂಟೆಗಳಾದ ಮೇಲೆ, ಮೊಳಕೆಯ ಮೇಲೆ ಹಾಯಿಸಿ ಹರಿದುಬಂದ ನೀರನ್ನು ಹಿಡಿದು ಪರೀಕ್ಷೆಗೆ ಕಳುಹಿಸಬೇಕು. ಬೀಜವೆಂಬ ಬೀಜವನ್ನೆಲ್ಲ ತೊಳೆದು ಬಂದ ನೀರಾದ್ದರಿಂದ ಎಲ್ಲಿಯೋ ಒಂದು ಕಾಳಿನಲ್ಲಿ ಅಡಗಿದ್ದ ರೋಗವೂ ಅದರಲ್ಲಿ ಗೋಚರವಾಗುವ ಸಂಭವ ಹೆಚ್ಚು. ಫಲಿತಾಂಶ ಬರುವ ತನಕ ಸರಕನ್ನು ಮಾರುಕಟ್ಟೆಗೆ ಬಿಡಬಾರದು. ರೋಗಾಣು ಕಂಡರೆ ಇಡೀ ರಾಶಿಯನ್ನು ಚೆಲ್ಲಬೇಕು. ದಿನಕ್ಕೊಮ್ಮೆ ಹಳತಾಗುವ ಸರಕನ್ನು ಹಿಡಿದಿಟ್ಟುಕೊಂಡು ಕಾಯುವುದು ವ್ಯಾಪಾರಿಗೆ ಎಷ್ಟು ಕಷ್ಟವೆಂಬುದು ಅಂಗಡಿಯಲ್ಲಿ ಕುಳಿತವರಿಗೆ ಗೊತ್ತು.

ಇಷ್ಟನ್ನು ಓದುತ್ತಿರುವಾಗ ಶ್ರಾವಕನೊಬ್ಬನ ಮನಸ್ಸಿನಲ್ಲಿ ಒಂದು ಶಂಕೆ ಏಳುವುದು ಸಹಜ. ಬೀಜವನ್ನು ಕ್ಲೋರಿನ್ನಿನಲ್ಲಿ ಅದ್ದುವುದೆಂದರೆ ಬುದ್ಧಿಪೂರ್ವಕವಾಗಿ ಅಸಂಖ್ಯ ಸೂಕ್ಷ್ಮಜೀವಿಗಳನ್ನು ಕೊಲ್ಲುವುದೇ ಅಲ್ಲವೆ? ಮನುಷ್ಯನ ಆರೋಗ್ಯಕ್ಕಾಗಿ ಎಂಬ ಕಾರಣ ಆ ವಧೆಯನ್ನು ಅಹಿಂಸೆಯಾಗಿ ಮಾಡಬಲ್ಲುದೆ? ಮಾಡಲಾರದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ ಪರಂಪರೆ, ಅಡುಗೆ ಬೇಸಾಯ ವ್ಯಾಪಾರಗಳಲ್ಲಿ ತಪ್ಪಿಸಲಾಗದ ಘಾತವನ್ನು ಒಪ್ಪಿಕೊಂಡಿತೇ ಹೊರತು ಅದಕ್ಕೆ ಪುಣ್ಯವೆಂಬ ಹೆಸರನ್ನು ಕೊಡಲಿಲ್ಲ. ಆದರೆ ಇದೇ ಪರಂಪರೆಯಲ್ಲಿ ಕಾಯಿಸಿದ ನೀರಿನ ಆಚಾರವೂ ಇದೆ. ನೀರನ್ನು ಗಾಳಿಸಿ, ಕಾಯಿಸಿ, ಪ್ರಾಸುಕ ಮಾಡಿ, ಇಂತಿಷ್ಟು ಹೊತ್ತು ಮಾತ್ರ ಬಳಸಬೇಕೆಂಬ ಮರ್ಯಾದೆಯನ್ನು ಹಾಕಿದವರಿಗೆ, ಕಾಯಿಸುವಾಗ ಜೀವಗಳು ಸಾಯುತ್ತವೆಂಬುದು ತಿಳಿಯದ ಸಂಗತಿಯಾಗಿರಲಿಲ್ಲ. ಬಿಟ್ಟರೆ ಕ್ಷಣಕ್ಷಣಕ್ಕೂ ಹುಟ್ಟಿ ಸಾಯುವ ರಾಶಿ ಬೆಳೆಯುತ್ತ ಹೋಗುತ್ತದೆ. ಒಮ್ಮೆ ತಡೆದರೆ ಆ ಪರಂಪರೆ ನಿಲ್ಲುತ್ತದೆ ಎಂಬುದು ಅದಕ್ಕೆ ಕೊಡುವ ಸಮಾಧಾನ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಎಂದು ಗಡುವು ಇಟ್ಟ ಅಜ್ಜಿಯಂದಿರ ಲೆಕ್ಕದಲ್ಲಿಯೂ ತೇವ ಮತ್ತು ಬೆಚ್ಚನೆಯ ಈ ಅರಿವೇ ಇದೆ. ಬೀಜದ ಮೇಲಿನ ಕೆಲವನ್ನು ಮೊದಲೇ ತಡೆಯದೆ, ಅವು ಕೋಟಿಯಾಗಿ ಬೆಳೆದ ಮೇಲೆ ಸರಕನ್ನು ಚೆಲ್ಲುವುದು ಯಾವ ಲೆಕ್ಕದಿಂದಲೂ ಕಡಮೆ ಹಿಂಸೆಯಾಗದು. ಈ ಸೂಕ್ಷ್ಮಾಣುಗಳನ್ನು ಆಗಮೋಕ್ತವಾದ ಯಾವ ಜೀವಭೇದದಲ್ಲಿ ಸೇರಿಸಬೇಕೆಂಬ ಚರ್ಚೆ ಬೇರೆ. ಅದು ಇತ್ಯರ್ಥವಾಗುವವರೆಗೆ ಶಾಲೆಯ ಮಕ್ಕಳು ಕಾಯಲಾರರು.

ಮೊಳಕೆಯನ್ನೇ ತ್ಯಜಿಸುವುದು ಇನ್ನೊಂದು ದಾರಿ. ಮೊಳೆಯುವ ಎಳೆಯ ಸ್ಥಿತಿಯಲ್ಲಿ ಸಸ್ಯವು ಅನಂತ ಜೀವಗಳಿಗೆ ಆಶ್ರಯವಾಗಿರುತ್ತದೆಂದು ನಂಬಿ ಅದನ್ನು ಬಿಟ್ಟ ಮನೆಗಳು ಹಲವಿವೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಸಿಶುಂಠಿ ಮೊದಲಾದವನ್ನು ಬಿಡಲು ಹೇಳುವಾಗ ಪಡೆಯುವ ಫಲ ಅಲ್ಪ, ಆಗುವ ಘಾತ ಬಹಳ ಎಂಬ ತೂಕವನ್ನು ಮುಂದಿಡುತ್ತಾರೆ. ತಿನ್ನುವವನ ಮಟ್ಟಿಗೆ ಇದು ಪೂರ್ಣವಾದ ಉತ್ತರ. ಬೆಳೆಯುವವನ, ಬೀಜ ಮಾರುವವನ ಮಟ್ಟಿಗೆ ಅದು ಉತ್ತರವಲ್ಲ. ತನ್ನ ತಟ್ಟೆಯಿಂದ ಮೊಳಕೆಯನ್ನು ದೂರವಿಟ್ಟ ಧಾನ್ಯದ ವರ್ತಕನು ತನ್ನ ಗೋದಾಮಿನಿಂದ ಹೊರಟ ಮೆಂತ್ಯದ ಚೀಲ ಯಾರ ತಟ್ಟೆಯನ್ನು ಸೇರಿತೆಂದು ವಿಚಾರಿಸದಿದ್ದರೆ, ಅವನ ತ್ಯಾಗ ಅರ್ಧಕ್ಕೇ ನಿಂತಿತು.

ಆ ಚೀಲದ ಕಥೆ ಜರ್ಮನಿಯಲ್ಲಿ ನಡೆಯಿತು. 2011ರ ಮೇ ತಿಂಗಳಿನಿಂದ ಜುಲೈವರೆಗೆ ಆ ದೇಶದ ಉತ್ತರ ಭಾಗದಲ್ಲಿ ಇ. ಕೋಲಿ ಓ104 ಎಂಬ ಇನ್ನೊಂದು ಬಗೆಯ ಬ್ಯಾಕ್ಟೀರಿಯಾದಿಂದ ಸುಮಾರು 3,800 ಜನ ಕಾಯಿಲೆ ಬಿದ್ದರು. 800ಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಕೆಟ್ಟವು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಈ ಬಾರಿ ಹೆಚ್ಚಾಗಿ ತುತ್ತಾದವರು ವಯಸ್ಕ ಮಹಿಳೆಯರು. ಸುಳಿವು ಕೊನೆಗೆ ಲೋವರ್ ಸ್ಯಾಕ್ಸನಿಯ ಒಂದು ಮೊಳಕೆ ತೋಟಕ್ಕೆ ಹೋಗಿ ಮುಟ್ಟಿತು. ರಾಸಾಯನಿಕಗಳನ್ನು ಬಳಸದೆ ಸಾವಯವ ಕ್ರಮದಲ್ಲಿ ಬೆಳೆಯುತ್ತಿದ್ದ ತೋಟ ಅದು. ಅಲ್ಲಿ ಶುಚಿತ್ವದ ನಿಯಮವನ್ನು ಮುರಿದ ಕುರುಹು ಕಾಣಲಿಲ್ಲ. ಅಲ್ಲಿಯ ಕೆಲಸಗಾರರಲ್ಲಿಯೂ ಕೆಲವರು ಅದೇ ಮೊಳಕೆಯನ್ನು ತಿಂದು ಸೋಂಕಿಗೆ ಒಳಗಾಗಿದ್ದರು. ಜೂನ್ ತಿಂಗಳಲ್ಲಿ ಫ್ರಾನ್ಸಿನ ಬೋರ್ಡೊ ಬಳಿ ಮಕ್ಕಳ ಕೇಂದ್ರವೊಂದರ ಸಮಾರಂಭದಲ್ಲಿ ಸೂಪಿನ ಮೇಲೆ ಉದುರಿಸಿದ ಮೊಳಕೆಯಿಂದ ಅದೇ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಆ ಮೊಳಕೆಯನ್ನು ಜರ್ಮನಿಯ ತೋಟದಿಂದ ತಂದಿರಲಿಲ್ಲ; ಅಂಗಡಿಯಿಂದ ಬೀಜದ ಪೊಟ್ಟಣ ತಂದು ಅಲ್ಲಿಯೇ ಬೆಳೆಸಿದ್ದರು. ಎರಡು ಕಡೆಯ ಬೀಜದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದಾಗ ಅವು ಕೂಡಿದುದು ಈಜಿಪ್ಟಿನಿಂದ 2009ರಲ್ಲಿ ಹಡಗೇರಿದ 15 ಟನ್ ಮೆಂತ್ಯದ ಒಂದೇ ರಾಶಿಯಲ್ಲಿ. ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ, ಚೀಲದಿಂದ ಪೊಟ್ಟಣಕ್ಕೆ ಅದು ಎರಡು ವರ್ಷ ಸಾಗಿತ್ತು. ಅನಂತರ ಬೀಜವನ್ನು ಪರೀಕ್ಷಿಸಿದಾಗ ಅದರಲ್ಲಿ ಆ ಬ್ಯಾಕ್ಟೀರಿಯಾ ಸಿಗಲಿಲ್ಲ. ಈಜಿಪ್ಟ್ ಆರೋಪವನ್ನು ಒಪ್ಪಲಿಲ್ಲ.

ಯಾರನ್ನು ಹಿಡಿದು ನಿಲ್ಲಿಸಬೇಕು? ಸೋಮದೇವಸೂರಿಗಳು ಕ್ರಿ.ಶ. 959ರ ಯಶಸ್ತಿಲಕದಲ್ಲಿ ಮೀನುಗಾರನನ್ನೂ ಬೇಸಾಯಗಾರನನ್ನೂ ಎದುರುಬದುರು ನಿಲ್ಲಿಸುತ್ತಾರೆ. ಬಲೆ ಬೀಸಿದವನಿಗೆ ಒಂದು ಮೀನೂ ಸಿಗದಿದ್ದರೂ ಪಾಪ ತಟ್ಟುತ್ತದೆ, ಉಳುವಾಗ ಎಷ್ಟೋ ಜೀವಗಳು ಸತ್ತರೂ ಬೇಸಾಯಗಾರನಿಗೆ ಅದು ಹಾಗೆ ತಟ್ಟುವುದಿಲ್ಲ, ಭೇದವಿರುವುದು ಭಾವದಲ್ಲಿ. ಸಾವಿರ ವರ್ಷಗಳಿಂದ ಈ ಉದಾಹರಣೆ ಅನೇಕ ಜಟಿಲ ಸಂದೇಹಗಳನ್ನು ಬಿಡಿಸಿದೆ. ಮೊಳಕೆ ಬೆಳೆಗಾರನ ವಿಷಯದಲ್ಲಿ ಮಾತ್ರ ಅದು ತಡವರಿಸುತ್ತದೆ. ಅವನು ಮೀನುಗಾರನಲ್ಲ, ಕೊಲ್ಲುವ ಭಾವ ಅವನಲ್ಲಿ ಇಲ್ಲ. ಪೂರ್ತಿಯಾಗಿ ಬೇಸಾಯಗಾರನೂ ಅಲ್ಲ. ನೇಗಿಲಿನ ಕೆಳಗೆ ಯಾವ ಹುಳು ಸಿಕ್ಕೀತೆಂದು ರೈತ ಅರಿಯಲಾರ, ಅರಿತರೂ ಉಳದೆ ಅವನಿಗೆ ಬಾಳಿಲ್ಲ. ಮೊಳಕೆಯವನಿಗೆ ಅಪಾಯ ಎಲ್ಲಿ ಅಡಗಿದೆಯೆಂಬುದು, ಅದನ್ನು ಎಷ್ಟರ ಮಟ್ಟಿಗೆ ತಗ್ಗಿಸಬಹುದೆಂಬುದು, ಎಷ್ಟು ಮಾಡಿದರೂ ಸ್ವಲ್ಪ ಉಳಿಯುತ್ತದೆಂಬುದು ಈಗ ತಿಳಿದಿದೆ. ಅವನು ಇವರಿಬ್ಬರ ನಡುವೆ ನಿಂತ ಮೂರನೆಯವನು: ಬಯಕೆಯಿಲ್ಲ, ಅರಿವಿದೆ.

ಈ ಮೂರನೆಯವನನ್ನು ಅಳೆಯುವ ಕೋಲು ಪ್ರಮಾದ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತವೊಂದನ್ನೇ ಹೇಳದೆ ಪ್ರಮಾದವನ್ನೂ ಅದಕ್ಕೆ ಜೋಡಿಸಿದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪ್ರಮಾದವೆಂದರೆ ಬರಿಯ ಮೈಮರೆವಲ್ಲ, ಮಾಡತಕ್ಕ ಒಳ್ಳೆಯ ಕಾರ್ಯದಲ್ಲಿ ಆದರವಿಲ್ಲದಿರುವುದು ಎಂಬ ಅರ್ಥವನ್ನು ಬಿಡಿಸಿಟ್ಟರು. ಈ ಅರ್ಥವನ್ನು ಹಿಡಿದರೆ ಹೊಣೆಯ ಸ್ವರೂಪ ಕಾಲದೊಡನೆ ಬದಲಾಗುವುದು ಕಾಣುತ್ತದೆ. 1996ರಲ್ಲಿ ಸಕಾಯ್‌ನ ಅಡುಗೆಮನೆಯಲ್ಲಿ ಮೊಳಕೆಯನ್ನು ಹಸಿಯಾಗಿ ಬಡಿಸಿದ ಕೈಯನ್ನು ಪ್ರಮತ್ತವೆನ್ನುವುದು ಅನ್ಯಾಯ. ಅಂದು ಆ ಅರಿವು ಅಷ್ಟು ವ್ಯಾಪಕವಾಗಿರಲಿಲ್ಲ. ಇಂದು ಬೀಜವನ್ನು ಸಂಸ್ಕರಿಸದೆ, ನೀರನ್ನು ಪರೀಕ್ಷಿಸದೆ, ಪೊಟ್ಟಣದ ಮೇಲೆ ಹಸಿಯಾಗಿ ಸವಿಯಿರಿ ಎಂದು ಅಚ್ಚುಹಾಕಿಸುವ ಕೈಗೆ ಆ ವಿನಾಯಿತಿ ಇಲ್ಲ. ಕೃತ್ಯ ಒಂದೇ, ಕೈಗಳೂ ಅಷ್ಟೇ ಒರಟು. ನಡುವೆ ಬಂದುದು ಜ್ಞಾನ. ಜ್ಞಾನವು ಭಾರವನ್ನು ಇಳಿಸುತ್ತದೆಂದು ತಿಳಿದವರಿಗೆ ಇದು ಅಹಿತವಾದ ಮಾತಾದೀತು.

ಹೊಣೆ ಒಬ್ಬನ ತಲೆಯ ಮೇಲೆ ಕೂರುವುದಿಲ್ಲವೆಂಬುದನ್ನು ಸರಕಾರಗಳೂ ನಿಧಾನವಾಗಿ ಕಂಡುಕೊಂಡವು. ಐರೋಪ್ಯ ಒಕ್ಕೂಟ 2013ರಲ್ಲಿ ಮೊಳಕೆಗೂ ಮೊಳಕೆಯ ಬೀಜಕ್ಕೂ ಪ್ರತ್ಯೇಕ ನಿಯಮಗಳನ್ನು ತಂದು, ಬೀಜದ ರಾಶಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತೆಂಬ ದಾಖಲೆಯನ್ನು ಪ್ರತಿ ಹಂತದಲ್ಲಿಯೂ ಕಡ್ಡಾಯಗೊಳಿಸಿತು. ಅಮೆರಿಕದ ಆಡಳಿತ 2022ರಲ್ಲಿ ಬೀಜ ಬೆಳೆಯುವವರು, ಹಸನು ಮಾಡುವವರು, ಶೇಖರಿಸುವವರು, ಹಂಚುವವರು ಇವರನ್ನೇ ಉದ್ದೇಶಿಸಿ ಮಾರ್ಗದರ್ಶನ ಹೊರಡಿಸಿತು. ಬಿತ್ತನೆಗೆಂದೋ ದನದ ಮೇವಿನ ಬೆಳೆಗೆಂದೋ ಬೆಳೆದ ಬೀಜವನ್ನು ಬೆಲೆ ಸಿಕ್ಕಿತೆಂದು ಮೊಳಕೆಗೆ ತಿರುಗಿಸಿ ಮಾರುವವನು ತಾನು ಕೇವಲ ಬೀಜ ಮಾರಿದೆನೆಂದು ಈಗ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಈ ಪ್ರಕರಣಗಳಲ್ಲಿ ಇನ್ನೊಂದು ಹಿಂಸೆಯೂ ನಡೆಯಿತು. ಅದು ಮಾತಿನ ಹಿಂಸೆ. 2011ರ ಮೇ 26ರಂದು ಹ್ಯಾಂಬರ್ಗ್ ನಗರದ ಆರೋಗ್ಯ ಅಧಿಕಾರಿಗಳು ರೋಗಕ್ಕೆ ಸ್ಪೇನಿನ ಸೌತೆಕಾಯಿ ಕಾರಣವೆಂದು ಸಾರಿದರು. ಸೌತೆಕಾಯಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ರೋಗದ ಬ್ಯಾಕ್ಟೀರಿಯಾ ಅಲ್ಲವೆಂದು ತಿಳಿಯುವ ಹೊತ್ತಿಗೆ ಸ್ಪೇನಿನ ರೈತರ ಬೆಳೆ ಕೊಳ್ಳುವವರಿಲ್ಲದೆ ಕೊಳೆಯುತ್ತಿತ್ತು. ತರಕಾರಿ ಬೆಳೆಗಾರರ ಪರಿಹಾರಕ್ಕಾಗಿ ಐರೋಪ್ಯ ಒಕ್ಕೂಟ 21 ಕೋಟಿ ಯೂರೊ ಮೀಸಲಿಡಬೇಕಾಯಿತು. ಜಪಾನಿನಲ್ಲಿಯೂ 1996ರ ಆಗಸ್ಟಿನಲ್ಲಿ ಸರಕಾರ ಮೂಲಂಗಿಯ ಮೊಳಕೆಯನ್ನು ಶಂಕಿಸಿ ಪ್ರಕಟಣೆ ಹೊರಡಿಸಿದಾಗ ದೇಶದ ಮೊಳಕೆ ಬೆಳೆಗಾರರೆಲ್ಲರ ವ್ಯಾಪಾರ ಕುಸಿಯಿತು. ಭೀತಿಯನ್ನು ಹೋಗಲಾಡಿಸಲು ಅಂದಿನ ಆರೋಗ್ಯ ಸಚಿವ ನಾಓತೊ ಕಾನ್ ಪತ್ರಕರ್ತರ ಎದುರಿಗೆ ಮೊಳಕೆಯನ್ನು ತಿಂದು ತೋರಿಸಿದರು. ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. ಪ್ರಕಟಣೆಯ ರೀತಿಯಿಂದಾದ ನಷ್ಟಕ್ಕೆ ಸರಕಾರ ಹೊಣೆಯೆಂದು ಬಂದ ತೀರ್ಪು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಉಳಿಯಿತು. ತಡಮಾಡಿದರೆ ಜನ ಸಾಯುತ್ತಾರೆ. ಆತುರಪಟ್ಟರೆ ನಿರಪರಾಧಿಯ ಜೀವನೋಪಾಯ ಸಾಯುತ್ತದೆ. ಅಧಿಕಾರದಲ್ಲಿ ಕುಳಿತವನ ಯತ್ನಾಚಾರಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇರಲಾರದು. ಶಂಕೆಯನ್ನು ಶಂಕೆಯೆಂದೇ ಹೇಳಿ, ನಿಶ್ಚಯವೆಂಬಂತೆ ಕೇಳಿಸದ ಹಾಗೆ ನೋಡಿಕೊಳ್ಳುವುದಷ್ಟೇ ಅವನ ಪಾಲಿಗೆ ಉಳಿದ ದಾರಿ.

ಇಷ್ಟೆಲ್ಲ ಜಂಜಾಟದ ನಡುವೆ ಒಂದು ಸುಲಭ ಸಂಗತಿ ಮರೆತೇ ಹೋಗುವಂತಿದೆ. ಮೊಳಕೆಯನ್ನು ಚೆನ್ನಾಗಿ ಬೇಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಕನ್ನಡನಾಡಿನ ಅಡುಗೆಮನೆಗಳಲ್ಲಿ ಮೊಳಕೆ ಬಂದ ಹುರುಳಿ, ಹೆಸರು, ಮಡಕೆಕಾಳುಗಳನ್ನು ಸಾರಿಗೋ ಹುಳಿಗೋ ಉಸಲಿಗೋ ಹಾಕಿ ಕುದಿಸುವುದೇ ಹಳೆಯ ರೂಢಿ. ಹಸಿಯಾಗಿ ತಿನ್ನುವುದು ಈಚಿನ ಹವ್ಯಾಸ. ಬೇಯಿಸಿದರೆ ಕೆಲವು ಜೀವಸತ್ವಗಳು ಕಡಮೆಯಾಗುವುದು ನಿಜ. ಆ ನಷ್ಟವನ್ನು ಇನ್ನೊಂದು ಹಣ್ಣಿನಿಂದ ತುಂಬಿಕೊಳ್ಳಬಹುದು. ಕೆಟ್ಟ ಮೂತ್ರಪಿಂಡವನ್ನು ತುಂಬಿಕೊಡುವ ಹಣ್ಣಿಲ್ಲ. ಅಮೆರಿಕದ ಆಡಳಿತವು 1999ರಲ್ಲಿಯೇ ಮಕ್ಕಳು, ವೃದ್ಧರು, ರೋಗನಿರೋಧ ಶಕ್ತಿ ಕುಂದಿದವರು ಹಸಿ ಮೊಳಕೆಯನ್ನು ತಿನ್ನಬಾರದೆಂದು ಎಚ್ಚರಿಸಿತ್ತು.

ಪ್ರಾಯಕ್ಕೆ ಬಂದವನು ಅಪಾಯವನ್ನು ತಿಳಿದೂ ಹಸಿ ಮೊಳಕೆಯನ್ನೇ ಬಯಸಿದರೆ ಅದು ಅವನ ಇಚ್ಛೆಯೆಂದು ಬಿಟ್ಟುಬಿಡಬಹುದು. ಅದಕ್ಕೂ ಮೊದಲು ಅವನಿಗೆ ಅದನ್ನು ಯಾರಾದರೂ ತಿಳಿಸಿರಬೇಕು. ಲಾಭಕ್ಕೆ ಕುಂದು ಬಂದೀತೆಂದು ಪೊಟ್ಟಣದ ಮೇಲೆ ಬೇಯಿಸಿ ತಿನ್ನಿ ಎಂದು ಬರೆಯದೆ ಬಿಡುವುದು ಸುಳ್ಳು ಹೇಳಿದಂತಲ್ಲವೆಂಬ ವಾದ ಉಂಟು. ಸತ್ಯಾಣುವ್ರತವನ್ನು ಹೊತ್ತವನು ಆ ವಾದದ ನೆರಳಿನಲ್ಲಿ ನಿಲ್ಲುವುದು ಕಷ್ಟ. ಮಕ್ಕಳ ಪಾಡು ಬೇರೆಯೇ. ಬಡಿಸಿದ್ದನ್ನು ಉಣ್ಣುವ ಮಗುವಿಗೆ ಆಯ್ಕೆಯಿಲ್ಲ, ಅರಿವಿಲ್ಲ. ಅದರ ಪರವಾಗಿ ಆಯ್ಕೆ ಮಾಡಿದ ಕೈಗಳು ಅಡುಗೆಮನೆಯಿಂದ ಹೊಲದವರೆಗೆ ಚಾಚಿವೆ. ಸಕಾಯ್‌ನಲ್ಲಿ ಅಂದು ಒಂದನೆಯ ತರಗತಿಯಲ್ಲಿದ್ದ ಬಾಲಕಿಯೊಬ್ಬಳು ಕಾಯಿಲೆಯಿಂದ ಎದ್ದು ಶಾಲೆ ಮುಗಿಸಿ ದೊಡ್ಡವಳಾದಳು. ಕೆಟ್ಟ ಮೂತ್ರಪಿಂಡಗಳಿಂದ ಬಂದ ರಕ್ತದ ಒತ್ತಡ ಅವಳನ್ನು ಬಿಡಲಿಲ್ಲ. 2015ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಅವಳು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಳು. 1996ರ ಊಟದಿಂದಾದ ಸಾವುಗಳ ಲೆಕ್ಕದಲ್ಲಿ ನಗರಾಡಳಿತ ಅವಳನ್ನು ನಾಲ್ಕನೆಯವಳಾಗಿ ಸೇರಿಸಿತು.